ಶಾಪ ಬೇಡುವ ಊರು

ಪ್ರೀತಿಯ ಅಕ್ಕ,

‘ಶುದ್ಧ ಮನಸ್ಸೇ ಮೆತ್ತನೆಯ ದಿಂಬು’ ಎಂದೋ ಏನೋ ಅಪ್ಪ ಹೇಳುತ್ತಿದ್ದರಲ್ಲ, ಅದು ನಿಜವೇ? ನಮ್ಮ ತಮ್ಮ ಸೆಪ್ಟಿಮಸ್ ಪಾದ್ರಿಯಾಗಿ ಈ ಜೌಗುನಾಡಿಗೆ ಬಂದು ತಿಂಗಳಾಗಿಲ್ಲ, ಆಗಲೇ ನಿದ್ದೆಗೆಟ್ಟಿದ್ದಾನೆ. ಉಪವಾಸಕಾಲ ಶುರುವಾಗುವ ಬೂದಿ ಬುಧವಾರ ಪಾದ್ರಿ ಒಂದೊಂದು ಪಾಪದ ಹೆಸರು ಹಿಡಿದು, ಅದನ್ನು ಮಾಡಿದವರನ್ನು ಶಪಿಸಬೇಕು, ಜನ ‘ಆಮೆನ್’ ಎನ್ನಬೇಕು. ಶಪಿಸಲು ಆತ್ಮಸಾಕ್ಷಿ ಒಪ್ಪದೆಂದು ಇವನು ಪ್ರಾರ್ಥನೆ ಪುಸ್ತಕದ ಆ ಪುಟ ಬಿಟ್ಟು, ಎಲ್ಲರನ್ನೂ ಹರಸಿ ಇಳಿದುಬಂದ. ಜನ ಕದಲಲಿಲ್ಲ. ಶಾಪಕ್ಕಾಗಿ ಮಧ್ಯಾಹ್ನದವರೆಗೂ ಕಾದು ಕುಳಿತರು.

“ವರ್ಷಕ್ಕೊಂದೇ ದಿನ ಸ್ವಾಮಿ, ಅದನ್ನೂ ಕಿತ್ಕೊಂಡ್ರೆ ಹೆಂಗೆ?” ಎಂದ ಗಾಡಿ ಮಾಡುವ ಓಬಡಾಯ.

ನಾಳೆ ಭಾನುವಾರ ಶಪಿಸದಿದ್ದರೆ ಬಿಷಪ್ಪರಿಗೆ ದೂರು ಹೋಗುತ್ತದೆ. ಆಮೇಲೆ ಕೆಲಸವೂ ಇಲ್ಲ, ಮನೆಯೂ ಇಲ್ಲ.

ನನ್ನ ಕೆಮ್ಮು ವಾಸಿಯಾಗಿದೆ. ಉಣ್ಣೆಯ ಕಾಲುಚೀಲ ಕಳಿಸು. ಅಂಚೆಯವನು ಕಾಯುತ್ತಿದ್ದಾನೆ.

ನಿನ್ನ ಲವೀನಿಯಾ

ಅಂಚಿನಲ್ಲಿ ಜಾಗವಿದೆ, ಇದನ್ನೂ ಬರೆಯುತ್ತೇನೆ. ಪಕ್ಕದ ಮನೆಯ ವಿಧವೆ ಟ್ಯಾಬಿತಾ ಈಗಷ್ಟೇ ಮೊಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದಳು. “ಪಾದ್ರಿಗಳ ಮನಸ್ಸು ಮೆದು, ಗೊತ್ತು ಅಮ್ಮಾರೆ. ಎಲ್ಲಾ ಶಾಪ ಬೇಡ. ನೆರೆಯೋರ ಗಡಿಕಲ್ಲು ಸರಿಸಿದೋರಿಗೆ ಅಂತ ಒಂದೈತಲ್ಲ, ಅದೊಂದು ಓದ್ಲಿ, ನಾನು ದೂರಿಗೆ ಸಹಿ ಹಾಕಲ್ಲ. ಸ್ವಲ್ಪ ಜೋರಾಗಿ ಓದಕ್ಕೆ ಹೇಳಿ. ನಮ್ಮ ಮೈದುನನಿಗೆ ಕಿವಿ ಮಂದ.”