ಗವಸಿನೊಳಗಿನ ಸಿತಾರ್

ಇಂಡಿ, ೧೮ ಏಪ್ರಿಲ್ ೧೯೭೪, ಗುರುವಾರ

ಅವ್ವ ಕೇಳಿದ ಪ್ರಶ್ನೆ ನಿದ್ದೆಗೆಡಿಸಿದೆ.

ಸಂಜೆ ರೇಡಿಯೊ ತಿರುಗಿಸುವಾಗ ದೂರದ ಯಾವುದೋ ಕೇಂದ್ರ ಸಿಕ್ಕಿತು. ಸ್ಪೇನಿನ ಮುನ್ನೂರು ವರ್ಷ ಹಿಂದಿನ ಸಂಗೀತವನ್ನು ಅಲ್ಲಿನವರೂ ಇರಾನಿನ ವಾದಕರೂ ಕೂಡಿ ನುಡಿಸುತ್ತಿದ್ದರು. ಒಬ್ಬರ ಸ್ವರ ಆರುವ ಮೊದಲೇ ಇನ್ನೊಬ್ಬರದು ಅಳುವಂತೆ ಏಳುತ್ತಿತ್ತು. ಆಗ ಮೂಲೆಯಲ್ಲಿ, ಗವಸಿನೊಳಗೆ, ಅಪ್ಪನ ಸಿತಾರ್ ಸಣ್ಣಗೆ ಮಿಡಿಯಿತು.

ಬಾರಿಸುವವರು ತೀರಿಹೋದರೆ ತಂತಿಯ ಬಿಗಿ ಇಳಿಸಿಡುವುದು ನಮ್ಮ ಮನೆಯ ಪದ್ಧತಿ. ದೀಪಾವಳಿಗೆ ಅಪ್ಪ ತೀರಿಕೊಂಡಾಗ ಅವ್ವ ಇಳಿಸಗೊಡಲಿಲ್ಲ.

“ನಿಮ್ಮಪ್ಪಾ ಬಂದಾರ,” ಇವತ್ತು ಆ ಮಿಡಿತ ಕೇಳಿ ಅಂದಳು.

“ಹಂಗೇನಿಲ್ಲವ್ವಾ. ಅದೇ ಸ್ವರ ಬಿತ್ತಂದ್ರ ಕೆಳಗಿನ ತಂತಿ ತಾವ ನುಡೀತಾವ.”

“ಶ್ರುತಿ ಕೂಡಿದ್ರ ನುಡೀತಾವ. ಆರು ತಿಂಗಳಾತು, ಶ್ರುತಿ ಯಾರು ಕೂಡಿಸಿದ್ರು?”

ನಾನು ರೇಡಿಯೊ ಆರಿಸಿದೆ. ಹೋದ ತಿಂಗಳು ಪರೀಕ್ಷೆ ಕೆಲಸಕ್ಕೆ ಮುದ್ದೇಬಿಹಾಳಕ್ಕೆ ಹೊರಡುವ ದಿನ, ಅವ್ವ ಮಠಕ್ಕೆ ಹೋಗಿದ್ದಾಗ, ಬಿರಡೆಗಳನ್ನೆಲ್ಲ ತಿರುಗಿಸಿ ಒಂದೊಂದು ತಂತಿಯನ್ನೂ ನಾನೇ ಇಳಿಸಿಟ್ಟಿದ್ದೆ. ಕದ್ದು ಮಾಡಿದ ಕೆಲಸ. ಅವಳಿಗೆ ಹೇಗೆ ಹೇಳಲಿ?

ಗವಸು ಬಿಚ್ಚಿದರೆ ತಿಳಿಯುತ್ತದೆ. ದೀಪ ಹಿಡಿದು ಎರಡು ಸಲ ಹೋದೆ, ಎರಡು ಸಲವೂ ಮುಟ್ಟದೆ ಬಂದು ಕೂತೆ. ತಂತಿ ಸಡಿಲಾಗಿಯೇ ಇದ್ದರೆ ನಾವಿಬ್ಬರೂ ಕೇಳಿದ್ದೇನು? ಬಿಗಿಯಾಗಿದ್ದರೆ, ನಾನು ಇಳಿಸಿದ್ದನ್ನು ಮತ್ತೆ ಬಿಗಿದವರು ಯಾರು?