ಸೂಜಿಯಮ್ಮನಿಗೆ ಒಪ್ಪಿಸುವ ರಿಪೋರ್ಟು

ಮಾರ್ಚ್ 9, ಭಾನುವಾರ ಬೆಳಿಗ್ಗೆ

ಪ್ರೀತಿಯ ಸೂಜಿಯಮ್ಮನಿಗೆ,

ನಿನ್ನ ಮಾವನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ‘ಮಾವ’ ಎಂದು ಬರೆದುಕೊಳ್ಳುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ತಿಳಿಯದು. ನೀನೂ ನನ್ನ ಮಗನೂ ಬೇರೆಯಾಗಿ ಒಂದೂವರೆ ವರ್ಷವಾಯಿತು. ಆದರೆ ನಿನ್ನ ಪತ್ರದಲ್ಲಿ ನೀನೇ ಹಾಗೆ ಕರೆದಿದ್ದೆಯಲ್ಲ, ಅದರಿಂದ ನನಗೂ ಧೈರ್ಯ ಬಂತು.

ಉತ್ತರ ಬರೆಯಲು ನಾಲ್ಕು ತಿಂಗಳು ತಡ ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಸೋಮಾರಿತನವಲ್ಲ. ‘ರಿಪೋರ್ಟ್ ಏನು ಬಂತು ಮಾವ?’ ಎಂದು ಕೇಳಿದ್ದೆ. ನೆಮ್ಮದಿಯಿಂದ ಹೇಳಬಹುದಾದ ಉತ್ತರ ಕೈಗೆ ಬರಲಿ ಎಂದು ಕಾದೆ.

ನೀನು ಆಸ್ಪತ್ರೆಯ ಲ್ಯಾಬಿಗೇ ಮುಖ್ಯಸ್ಥೆಯಾದೆ ಎಂದು ಓದಿದ ನಿನ್ನ ಅತ್ತೆ ಬೀದಿಯ ಕೊನೆಯ ತರಕಾರಿ ಅಂಗಡಿಯವಳ ತನಕ ಸುದ್ದಿ ಮುಟ್ಟಿಸಿ ಬಂದಳು. ‘ಇನ್ಮೇಲೆ ಅವಳು ಚುಚ್ಚೋಳಲ್ಲ ಕಣ್ರೀ, ಚುಚ್ಚಿಸೋಳು’ ಎಂದಳು. ಹಾಗೆಂದು ನಾವು ಹೆಸರು ಬದಲಾಯಿಸುವುದಿಲ್ಲ. ನಮಗೆ ನೀನು ಸೂಜಿಯಮ್ಮನೇ.

ಈಗ ರಿಪೋರ್ಟಿಗೆ ಬರುತ್ತೇನೆ. ಪ್ರಾಸ್ಟೇಟಿನ ಕ್ಯಾನ್ಸರು ಬೆನ್ನುಮೂಳೆಯ ತನಕ ಹೋಗಿದೆ ಎಂದು ಗೊತ್ತಾದ ದಿನ, ಊಟದ ಮೇಜಿನ ಮೇಲೆ ಕಾಗದ ಹರಡಿ ಪಾಠ ಮಾಡಿದವಳು ನೀನು. ರಕ್ತದಲ್ಲಿ ಆ ಕಾಯಿಲೆಯ ಅಳತೆ ಹೇಳುವ ಪಿಎಸ್‌ಎ ಅವತ್ತು 186. ‘ಇದು ಶಾಲೆಯ ಅಂಕ ಅಲ್ಲ ಮಾವ, ಕಡಿಮೆ ಬಂದಷ್ಟೂ ಒಳ್ಳೇದು’ ಎಂದಿದ್ದೆ. ಒಂದೇ ಲ್ಯಾಬಿನಲ್ಲಿ ಮಾಡಿಸಬೇಕು, ಯಾವುದೋ ಒಂದು ಸಂಖ್ಯೆ ಹಿಡಿದುಕೊಂಡು ಹೆದರಬಾರದು, ಮೂರನ್ನು ಸಾಲಾಗಿಟ್ಟು ನೋಡಬೇಕು ಎಂದೂ ಹೇಳಿಕೊಟ್ಟೆ. ಇಂಜೆಕ್ಷನ್ನಿಗೆ ಆ ಸಂಖ್ಯೆ 0.3ಕ್ಕೆ ಇಳಿದಾಗ ಮನೆಯಲ್ಲಿ ನಾವು ನಾಲ್ವರೂ ಕುಣಿದಿದ್ದೆವು.

ನೀನು ಹೋದ ಮೇಲೆ ಅದು ಮೆಲ್ಲಗೆ ತಲೆ ಎತ್ತಿತು. 0.8, ಆಮೇಲೆ 1.9, ಆಮೇಲೆ 4.2. ನೀನು ಕಲಿಸಿದಂತೆ ಮೂರನ್ನೂ ಸಾಲಾಗಿಟ್ಟೆ. ಸಾಲು ಹೇಳಿದ್ದು ನನಗೆ ಹಿಡಿಸಲಿಲ್ಲ, ಅಷ್ಟೆ. ಸ್ಕ್ಯಾನಿನಲ್ಲಿ ಸೊಂಟದ ಮೂಳೆಯಲ್ಲೂ ಎರಡು ಹೊಸ ಚುಕ್ಕೆ ಕಂಡವು. ಇಂಜೆಕ್ಷನ್ ಮುಂದುವರಿಸಿ, ಜೊತೆಗೆ ದಿನವೂ ನುಂಗುವ ಹೊಸ ಮಾತ್ರೆ ಕೊಟ್ಟರು. ಆ ಹೊತ್ತಿಗೆ ನಾನು ಮನೆಯ ಕೆಳಗಿನ ನಮ್ಮ ಕುಶನ್ ಅಂಗಡಿಗೆ ಇಳಿಯುವುದನ್ನೇ ಬಿಟ್ಟಿದ್ದೆ. ಸೋಫಾ ಮಗುಚಿ ಹಾಕಿ ಹಳೆಯ ರೆಕ್ಸಿನ್ ಕೀಳುವುದಿರಲಿ, ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ.

ಮಾತ್ರೆ ಶುರು ಮಾಡಿ ನಾಲ್ಕು ವಾರಕ್ಕೆ ರಕ್ತ ಕೊಟ್ಟು ಬಂದೆ. ನಿನ್ನ ಜಾಗದಲ್ಲಿ ಈಗ ಇರುವವಳು ಒಳ್ಳೆಯ ಹುಡುಗಿ, ಆದರೆ ನರ ಹುಡುಕಲು ಮೂರು ಸಲ ಚುಚ್ಚುತ್ತಾಳೆ. ಪಿಎಸ್‌ಎ 6.8 ಬಂತು. ಮೂಳೆಯ ಲೆಕ್ಕಕ್ಕೆಂದು ನೋಡುತ್ತಾರಲ್ಲ, ಆಲ್ಕಲೈನ್ ಫಾಸ್ಫಟೇಸ್, ಅದೂ 140 ಇದ್ದದ್ದು 310ಕ್ಕೆ ಹಾರಿತ್ತು. ಲ್ಯಾಬಿನ ಹೊರಗಿನ ಬೆಂಚಿನ ಮೇಲೆ ಕೂತೆ. ‘ಮುಗೀತು ಬಿಡು’ ಎಂದುಕೊಂಡೆ. ಡಾಕ್ಟರನ್ನು ನೋಡದೆ ಮನೆಗೆ ಬಂದೆ. ನಿನ್ನ ಅತ್ತೆಗೆ ‘ರಿಪೋರ್ಟ್ ಇನ್ನೂ ಬಂದಿಲ್ಲ’ ಎಂದು ಸುಳ್ಳು ಹೇಳಿದೆ.

ಮಾರನೆಯ ದಿನದಿಂದ ಮಾತ್ರೆ ನುಂಗುವುದನ್ನು ನಿಲ್ಲಿಸಿದೆ. ಕೆಲಸ ಮಾಡದ ಮಾತ್ರೆ ಯಾಕೆ ಎಂಬ ಸಿಟ್ಟು. ನಿನ್ನ ಅತ್ತೆ ಎದುರಿಗೆ ನಿಂತು ಕೊಡುತ್ತಾಳಲ್ಲ, ಅದಕ್ಕೆ ಕೆನ್ನೆಯೊಳಗೆ ಇಟ್ಟುಕೊಂಡು, ಅವಳು ಅತ್ತ ತಿರುಗಿದಾಗ ನನ್ನ ಕುರ್ಚಿಯ ದಿಂಬಿನ ಕೆಳಗೆ ತೂರಿಸುತ್ತಿದ್ದೆ. ನಾಲ್ಕನೆಯ ದಿನ ಕುರ್ಚಿ ಕೊಡವಲು ಹೋದಳು. ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದು ನನ್ನ ಮುಂದೆ ಬಂದು ನಿಂತಳು.

‘ಈ ಕುರ್ಚಿಗೆ ಯಾವ ಕಾಯಿಲೆ ಅಂತ ಮಾತ್ರೆ ತಿನ್ನಿಸ್ತಿದ್ದೀರಿ?’

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ರಿಪೋರ್ಟು ಕಿತ್ತುಕೊಂಡು ನೋಡಿದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ‘ಅವಳಾದ್ರೂ ಇದ್ದಿದ್ರೆ ಇದೇನು ಅಂತ ಹೇಳ್ತಿದ್ಲು. ನಮಗೇನು ಗೊತ್ತಾಗುತ್ತೆ?’ ಎಂದಳು. ಎದ್ದು ಅಂಗಿ ಹಾಕಿಕೊಂಡೆ.

ಡಾಕ್ಟರಮ್ಮ ಮೊದಲು ಚೆನ್ನಾಗಿ ಬೈದರು. ಈ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ಹೀಗೆ ದಿಢೀರ್ ನಿಲ್ಲಿಸುವುದೇ ಅಪಾಯ ಎಂದರು. ಬೈದು ಮುಗಿಸಿ, ರಿಪೋರ್ಟನ್ನು ಪಕ್ಕಕ್ಕಿಟ್ಟು, ನನ್ನನ್ನೇ ನೋಡುತ್ತಾ ಕೇಳಿದರು:

‘ನೋವು ಹೇಗಿದೆ?’

‘ಇದೆ.’

‘ಮೊದಲಿನಷ್ಟೇನಾ?’

ನಿನ್ನ ಅತ್ತೆ ಬಾಯಿ ಹಾಕಿದಳು. ‘ಎಲ್ಲಿಯ ಮೊದಲಿನಷ್ಟು! ಎರಡು ವಾರದಿಂದ ನೋವಿನ ಮಾತ್ರೆ ಕೇಳೇ ಇಲ್ಲ. ಇವತ್ತು ಚಪ್ಪಲಿ ತಾವೇ ಹಾಕ್ಕೊಂಡು ಬಂದಿದ್ದಾರೆ ನೋಡಿ.’

ನಿಜ ಹೇಳುತ್ತೇನೆ, ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಕಾಗದ ನೋಡುತ್ತಾ ಮೈ ನೋಡಿಕೊಳ್ಳುವುದನ್ನು ಮರೆತಿದ್ದೆ.

ಡಾಕ್ಟರಮ್ಮ ನಿಧಾನವಾಗಿ ತಿಳಿಸಿದರು. ಔಷಧಿ ಶುರುವಾದ ಮೊದಲ ವಾರಗಳಲ್ಲಿ ಕೆಲವರಿಗೆ ಪಿಎಸ್‌ಎ ಒಮ್ಮೆ ಮೇಲೆ ಹೋಗಿ ಆಮೇಲೆ ಇಳಿಯುತ್ತದಂತೆ. ಮೂಳೆ ಕೆಡುವಾಗಷ್ಟೇ ಅಲ್ಲ, ವಾಸಿಯಾಗುತ್ತಾ ತನ್ನನ್ನು ತಾನೇ ಕಟ್ಟಿಕೊಳ್ಳುವಾಗಲೂ ಆ ಇನ್ನೊಂದು ಸಂಖ್ಯೆ ಏರುತ್ತದಂತೆ. ‘ನಿಮಗೂ ಹಾಗೇ ಅಂತ ನಾನು ಇವತ್ತು ಆಣೆ ಹಾಕಲಾರೆ. ಔಷಧಿ ಹಿಡಿಯದೇ ಇರೋದೂ ಇರಬಹುದು. ಆದರೆ ನೋವು ಇಳೀತಿದೆ, ತೂಕ ಒಂದೂವರೆ ಕೆಜಿ ಏರಿದೆ. ಹನ್ನೆರಡು ವಾರ ಆಗಲಿ, ಆಮೇಲೆ ತೀರ್ಮಾನ ಮಾಡೋಣ. ಮಧ್ಯೆ ಹೊಸ ನೋವು ಬಂದ್ರೆ, ಕಾಲಲ್ಲಿ ಶಕ್ತಿ ಇಲ್ಲ ಅನ್ನಿಸಿದ್ರೆ, ನಂಬರ್ ಎಷ್ಟೇ ಚೆನ್ನಾಗಿರಲಿ, ಅವತ್ತೇ ಬನ್ನಿ’ ಎಂದರು.

ಎಂಟು ವಾರ ಕಾದೆವು. ನಿನ್ನ ಅತ್ತೆ ಮಾತ್ರೆ ಕೊಟ್ಟು ‘ಆ ಅನ್ನಿ’ ಎಂದು ಬಾಯಿ ತೆಗೆಸಿ ನೋಡುತ್ತಿದ್ದಳು. ಮೂರನೆಯ ವಾರ ಮೆಟ್ಟಿಲಿಳಿದು ಅಂಗಡಿಯ ಬಾಗಿಲು ತೆಗೆದೆ. ಸ್ಪಂಜಿನ ತುಂಡುಗಳ ಮೇಲೆ ಬೆಕ್ಕೊಂದು ಮರಿ ಹಾಕಿತ್ತು. ಅವಕ್ಕೆ ತೊಂದರೆ ಕೊಡದೆ ಇನ್ನೊಂದು ಮೂಲೆಯಲ್ಲಿ ಒಂದು ಸ್ಟೂಲಿಗೆ ಹೊದಿಕೆ ಹಾಕಿದೆ. ಕೈ ಏನನ್ನೂ ಮರೆತಿರಲಿಲ್ಲ.

ಹನ್ನೆರಡನೆಯ ವಾರ ಪಿಎಸ್‌ಎ 2.1. ಮೊನ್ನೆ ಶುಕ್ರವಾರ 0.9. ಆ ಮೂಳೆಯ ಸಂಖ್ಯೆಯೂ 160ಕ್ಕೆ ಬಂದಿದೆ. ಹಿಮೋಗ್ಲೋಬಿನ್ ಹನ್ನೆರಡಕ್ಕೆ ಸ್ವಲ್ಪ ಕಡಿಮೆ, ಅದಕ್ಕೆ ನೀನು ಬೈಯಬಹುದು. ಡಾಕ್ಟರಮ್ಮ ಹುಸಿ ಭರವಸೆ ಕೊಡಲಿಲ್ಲ. ಇದು ಪೂರ್ತಿ ಹೋಗುವ ಕಾಯಿಲೆಯಲ್ಲ, ಒಂದು ದಿನ ಮತ್ತೆ ಏರುತ್ತದೆ, ಆಗ ಬೇರೆ ದಾರಿ ನೋಡೋಣ ಎಂದರು. ‘ಆಗಲಿ’ ಎಂದೆ. ಮನಸ್ಸಿನಿಂದಲೇ ಎಂದೆ. ಈ ವಾರ ಹಲ್ಲಿನ ಡಾಕ್ಟರೊಬ್ಬರ ಕುರ್ಚಿ ಬಂದಿದೆ, ಕಡುನೀಲಿ ರೆಕ್ಸಿನ್ ಬೇಕಂತೆ. ಬುಧವಾರದ ಹೊತ್ತಿಗೆ ಮುಗಿಸಬೇಕು. ಇದಕ್ಕಿಂತ ಹೆಚ್ಚೇನು ಬೇಕು ಹೇಳು.

ನೀನು ನನ್ನ ಮಗನ ವಿಷಯ ಕೇಳಲಿಲ್ಲ, ನಾನೂ ಬರೆಯುವುದಿಲ್ಲ. ಹೊಸ ಮನೆಯಲ್ಲಿ ಬೆಳಕು ಚೆನ್ನಾಗಿ ಬರುತ್ತದೆ ಎಂದು ಬರೆದಿದ್ದೆ, ಅದು ಸಂತೋಷ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಕೆಳಗಿನ ಹುಡುಗಿಯರಿಗೆ ನರ ಹುಡುಕುವುದನ್ನು ಸರಿಯಾಗಿ ಕಲಿಸು. ನಮ್ಮಿಬ್ಬರ ಆಯಸ್ಸಿನಲ್ಲಿ ಮಿಕ್ಕಿದ್ದರಲ್ಲಿ ನಿನಗೂ ಒಂದು ಪಾಲಿರಲಿ.

ನಿನ್ನ
ಮಾವ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ.

ನಿನ್ನನ್ನು ಕರೆದುಕೊಂಡು ಹೋಗಲು ನಿನ್ನ ಅಣ್ಣ ಬಂದ ದಿನ, ನೀವಿಬ್ಬರೂ ಮೆಟ್ಟಿಲಿಳಿಯುವ ಸದ್ದು ಕೇಳಿ, ಅಂಗಡಿಯಲ್ಲಿದ್ದ ನಾನು ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡೆ. ಹೊಡೆಯುವಾಗ ಒಂದೊಂದೇ ತೆಗೆಯಲು ನಾವು ತುಟಿಯಲ್ಲಿ ಇಟ್ಟುಕೊಳ್ಳುತ್ತೇವಲ್ಲ, ಹಾಗೆ. ಅವತ್ತು ನನ್ನ ಮುಂದೆ ಹೊಡೆಯುವ ಕೆಲಸವೇ ಇರಲಿಲ್ಲ. ನಿನ್ನ ಅಣ್ಣ ಬಾಗಿಲಲ್ಲಿ ನಿಂತು, ‘ನೀವು ದೊಡ್ಡವರು, ನೀವಾದ್ರೂ ಹೇಳಿ. ಅವನು ಇವಳ ಮೇಲೆ ಕೈ ಮಾಡಿದ್ದನ್ನ ನೋಡಿದ್ರಾ?’ ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಲ್ಲಾಡಿಸಿದೆ. ನೀನು ನನ್ನನ್ನು ನೋಡಿದೆ. ಹೋದ ಮೇಲೂ ನನ್ನ ರಕ್ತದ ವಿಷಯ ಕೇಳಿ ಪತ್ರ ಬರೆದೆ.

ನೋಡಿದ್ದೆ ಮಗಳೇ. ಒಂದು ಸಲ ಅಲ್ಲ, ಎರಡು ಸಲ. ಈ ಹಾಳೆಯನ್ನು ನಿನ್ನ ಅಣ್ಣನಿಗೆ ಓದಲು ಕೊಡು. ಕೆಳಗೆ ಪೂರ್ತಿ ಸಹಿ ಮಾಡಿದ್ದೇನೆ.