ಅರ್ಧ ಗಂಟೆ ಹಿಂದಿದ್ದ ನೆರಳು

ಏಪ್ರಿಲ್ ೧೩, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮನಿಗೆ,

ಅಕ್ಕನ ಅಕ್ಕರೆಯ ನೆನಪುಗಳು. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು. ನಾವಿಬ್ಬರೂ ಕ್ಷೇಮ. ನಿನ್ನ ಭಾವನ ಮಂಡಿನೋವು ಹಾಗೇ ಇದೆ. ನಡೆಯುವುದನ್ನೂ ಬಿಟ್ಟಿಲ್ಲ, ಗೊಣಗುವುದನ್ನೂ ಬಿಟ್ಟಿಲ್ಲ. ನೀನು ಹೊಲಿದು ಕಳಿಸಿದ ಅಂಗಿ ಹಾಕಿಕೊಂಡು ಮೂರು ಸಲ ಕನ್ನಡಿ ಮುಂದೆ ನಿಂತರು. "ನಿನ್ನ ತಮ್ಮ ಟೇಪು ಹಿಡೀದೇನೇ ನನ್ನ ಹೊಟ್ಟೆ ಅಳೆದುಬಿಟ್ಟಿದ್ದಾನಲ್ಲೇ!" ಅಂದರು. ನನ್ನ ಸೊಸೆಮುದ್ದು ಮೆಷಿನ್ ತುಳಿಯಲು ಕಲಿತಳು ಎಂದು ಬರೆದಿದ್ದೀಯ. ಬೆರಳು ಜೋಪಾನ ಅಂತ ಅತ್ತೆ ಹೇಳಿದಳು ಅನ್ನು.

ತಡವಾದದ್ದು ಶಾಲೆಯಿಂದ. ಮೂವತ್ತೆರಡು ವರ್ಷದಿಂದ ಇರುವ ಶಾಲೆ ಈಗೇನು ಹೊಸದು ಅನ್ನಬೇಡ. ಈ ವರ್ಷ ಹೊಸದೇ ಆಯಿತು. ಪೂರ್ತಿ ಹೇಳುತ್ತೇನೆ ಕೇಳು.

ಅಕ್ಟೋಬರಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂಬತ್ತನೇ ತರಗತಿಯ ಹನ್ನೊಂದು ಮಕ್ಕಳು ಗಣಿತದಲ್ಲಿ ಡುಮ್ಕಿ ಹೊಡೆದರು. ಹೆಡ್‌ಮೇಡಂ ನನ್ನನ್ನು ಕರೆದು, "ದಿನಾ ಊಟಕ್ಕೆ ಮುಂಚಿನ ಪಿರಿಯಡ್‌ನಲ್ಲಿ ಇವರನ್ನ ಬೇರೆ ಕೂರಿಸಿ ತಿದ್ದಿ" ಅಂದರು. ಎಲ್ಲಿ ಕೂರಿಸೋದು ಅಂದರೆ ಖಾಲಿ ಕೋಣೆ ಒಂದೂ ಇಲ್ಲ. ಕೊನೆಗೆ ಸಿಕ್ಕಿದ್ದು ನೀರಿನ ಟ್ಯಾಂಕಿನ ಹಿಂದಿನ ಹಿತ್ತಲು. ಮುರಿದ ಬೆಂಚುಗಳನ್ನು ತಂದು ಸುರಿಯುವ ಜಾಗ. ಮಧ್ಯದಲ್ಲಿ ಯಾವ ಕಾಲದಲ್ಲೋ ವಾಲಿಬಾಲ್ ಬಲೆ ಕಟ್ಟಲು ನೆಟ್ಟಿದ್ದ ತುಕ್ಕು ಹಿಡಿದ ಕಬ್ಬಿಣದ ಕಂಬ. ನಾನು ಬೋರ್ಡನ್ನು ಗೋಡೆಗೆ ಒರಗಿಸಿ ಬರೆಯಲು ಶುರುಮಾಡಿದರೆ ಗಾಳಿಗೆ ಅದು ದಬ್ ಅಂತ ಬೀಳುವುದು, ಮಕ್ಕಳು ಕಿಸಕ್ಕನೆ ನಗುವುದು. ನನ್ನ ಸಿಟ್ಟು ನಿನಗೆ ಗೊತ್ತಲ್ಲ. ನಾಲ್ಕನೇ ದಿನಕ್ಕೆ ಗಂಟಲು ಕಟ್ಟಿತು.

ಆ ಹನ್ನೊಂದರಲ್ಲಿ ಒಬ್ಬಳು, ಯಾಕಮ್ಮ. ನಾನಿಟ್ಟ ಹೆಸರಲ್ಲ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಕರೆಯುವುದೇ ಹಾಗೆ. ಏನು ಹೇಳಿದರೂ 'ಯಾಕೆ?' ಅನ್ನುವವಳು. ಐದನೇ ದಿನ ನಾನು ಲೆಕ್ಕ ಬಿಡಿಸುತ್ತಿದ್ದಾಗ ಕೈ ಎತ್ತಿದಳು. "ಟೀಚರ್, ಶುರುವಿನಲ್ಲಿ ಕಂಬದ ನೆರಳು ನನ್ನ ಪುಸ್ತಕದ ಮೇಲಿತ್ತು. ಈಗ ಇವಳ ಮಡಿಲಲ್ಲಿದೆ. ಒಂದು ಪಿರಿಯಡ್‌ಗೆ ಎಷ್ಟು ಸರಿಯುತ್ತೆ ಅಂತ ಲೆಕ್ಕ ಹಾಕಬಹುದಾ?"

ಬೈಯಬೇಕು ಅಂತಲೇ ಬಾಯಿ ತೆರೆದೆ. ಗಂಟಲು ಕಟ್ಟಿತ್ತಲ್ಲ, ಮಾತು ಹೊರಡಲಿಲ್ಲ. ಅಷ್ಟರಲ್ಲಿ ಎಲ್ಲರೂ ಎದ್ದು ನೆರಳಿನ ತುದಿಗೆ ಕಲ್ಲು ಇಡತೊಡಗಿದ್ದರು. ನಾನೂ ಸುಮ್ಮನೆ ಕೈಗಡಿಯಾರ ಬಿಚ್ಚಿ ಅವಳ ಕೈಗೆ ಕೊಟ್ಟೆ. ನೋಡು, ಎಲ್ಲ ಶುರುವಾದದ್ದು ನನ್ನ ಗಂಟಲು ನೋವಿನಿಂದ.

ನೆರಳಿನ ಗಡಿಯಾರ ಮಾಡೋಣ ಅಂದರು. ಕಂಬವನ್ನು ನೆಟ್ಟಗೆ ನಿಲ್ಲಿಸಿದರೆ ಆಗದು, ಊರಿಗೆ ತಕ್ಕ ಕೋನದಲ್ಲಿ ವಾಲಿಸಬೇಕು ಅಂತ ಲೈಬ್ರರಿ ಪುಸ್ತಕದಲ್ಲಿ ಸಿಕ್ಕಿತು. ವಾಲಿಸಿ ಸಿಮೆಂಟು ಹಾಕಿದವಳು ಇನ್ನೊಬ್ಬಳು, ಅವಳಿಗೆ ಮಕ್ಕಳಿಟ್ಟ ಹೆಸರು ಮಟ್ಟಗೋಲು. ಗಾರೆ ಕೆಲಸದವರ ಮಗಳು, ತರಗತಿಯಲ್ಲಿ ಬಾಯಿ ಬಿಡದವಳು. ಅವಳು ನೆಲದ ಮಟ್ಟ ನೋಡಲು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ತುದಿಯನ್ನು ಇಬ್ಬರ ಕೈಗೆ ಕೊಟ್ಟು, "ನೀರು ಸುಳ್ಳು ಹೇಳಲ್ಲ ಟೀಚರ್, ನೀವು ಅಲ್ಲಾಡಬೇಡಿ" ಅಂತ ನನ್ನನ್ನೇ ಗದರಿಸಿದಳು. ನಾನು ಅಲ್ಲಾಡಲಿಲ್ಲ! ನವೆಂಬರ್ ಮೂರರಂದು ಬೆಳಗಿನಿಂದ ಸಂಜೆಯವರೆಗೆ ಸರದಿಯ ಮೇಲೆ ಕೂತು, ಗಂಟೆಗೊಂದು ಗೆರೆ ಎಳೆದು, ಬಣ್ಣ ಹಚ್ಚಿದರು.

ಆಮೇಲೆ ಹಿತ್ತಲು ಅವರ ಕೈಗೆ ಹೋಯಿತು. ಟ್ಯಾಂಕಿಗೆ ಹತ್ತುವ ಮೆಟ್ಟಿಲುಗಳಿಗೆ ಸಂಖ್ಯೆ ಬರೆದರು. ಮಧ್ಯದ ಮೆಟ್ಟಿಲು ಸೊನ್ನೆ, ಮೇಲಕ್ಕೆ ಧನ, ಕೆಳಕ್ಕೆ ಋಣ. ಋಣ ಸಂಖ್ಯೆ ಅಂದರೆ ಮುಖ ಹಿಂಡುತ್ತಿದ್ದವರು ಈಗ "ಟೀಚರ್, ನಾನು ಮೈನಸ್ ಎರಡರಲ್ಲಿ ಕೂತಿದ್ದೀನಿ, ಇಲ್ಲಿಗೇ ಬನ್ನಿ" ಅನ್ನುವುದು. ಮುರಿದ ಬೆಂಚಿನ ಹಲಗೆಯಿಂದ ತಕ್ಕಡಿ, ಹಿತ್ತಲ ಬಾಗಿಲು ತೆರೆದುಕೊಳ್ಳುವ ಕಡೆ ನೆಲದ ಮೇಲೆ ಕೋನಗಳು. ಬಾಗಿಲನ್ನು ನಲವತ್ತೈದು ಡಿಗ್ರಿ ತೆಗೆ ಅಂದರೆ ತೆಗೆಯುತ್ತಾರೆ. ಆರನೇ ತರಗತಿಯ ಪುಟಾಣಿಗಳು ಬಿಡುವಿನಲ್ಲಿ ಬಂದು ಗೋಡೆಯ ಮೇಲಿಂದ ಇಣುಕುತ್ತಿದ್ದರು. ಡುಮ್ಕಿ ಹೊಡೆದವರ ತರಗತಿಗೆ ಸೇರಿಸಿಕೊಳ್ಳಿ ಅಂತ ಒಬ್ಬಳು ಹೆಡ್‌ಮೇಡಂಗೆ ಅರ್ಜಿ ಬರೆದಳು. ಸುಳ್ಳಲ್ಲ.

ಫೆಬ್ರವರಿ ಎರಡನೇ ವಾರ ಇಲಾಖೆಯ ಅಧಿಕಾರಿಯೊಬ್ಬರು ಶಾಲೆ ನೋಡಲು ಬಂದರು. ಹೆಡ್‌ಮೇಡಂ ಹೆಮ್ಮೆಯಿಂದ ಅವರನ್ನು ಹಿತ್ತಲಿಗೇ ಕರೆತಂದರು. ಮಕ್ಕಳು ಇಸ್ತ್ರಿ ಬಟ್ಟೆಯಲ್ಲಿ ಸಾಲಾಗಿ ನಿಂತಿದ್ದರು. ಅಧಿಕಾರಿ ಬಗ್ಗಿ ನೆರಳು ನೋಡಿದರು, ಕೈಗಡಿಯಾರ ನೋಡಿಕೊಂಡರು. "ಈಗ ಹನ್ನೊಂದು ಗಂಟೆ. ನಿಮ್ಮದು ಹತ್ತೂವರೆ ತೋರಿಸ್ತಿದೆಯಲ್ಲ?" ಅಂದು ನಕ್ಕರು. "ಫೇಲಾದವರ ಗಡಿಯಾರ ಅಲ್ವೇ, ಅದೂ ಫೇಲು."

ಕೆಟ್ಟ ಮನುಷ್ಯರಲ್ಲ, ತಮಾಷೆಗೆ ಅಂದದ್ದು. ಆದರೆ ಹನ್ನೊಂದು ಮುಖಗಳೂ ಒಟ್ಟಿಗೆ ಕೆಳಗಿಳಿದದ್ದನ್ನು ನಾನು ನೋಡಿದೆ. ಮಧ್ಯಾಹ್ನ ಹೆಡ್‌ಮೇಡಂ, "ಆಟ ಸಾಕು, ಆ ಜಾಗ ಬೈಕ್ ನಿಲ್ಲಿಸೋಕೆ ಬೇಕು. ಬೆಂಚು, ಕಂಬ ಎಲ್ಲ ತೆಗೆಸ್ತೀನಿ" ಅಂದರು. ನಾನು ಒಂದು ತಿಂಗಳು ಗಡುವು ಕೇಳಿದೆ. "ಏನು ಮಾಡ್ತೀರಿ ಒಂದು ತಿಂಗಳಲ್ಲಿ?" ಅಂದರು. "ತಪ್ಪು ಎಲ್ಲಿದೆ ಅಂತ ಹುಡುಕ್ತೀವಿ" ಅಂದೆ.

ಮಟ್ಟಗೋಲು ಅಳುತ್ತಲೇ ಕಂಬದ ಕೋನ ಮತ್ತೆ ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಗೆರೆಗಳೂ ಸರಿ. ಬಣ್ಣ ಹಚ್ಚಿದ ಮೇಲೆ ಕೈಗಡಿಯಾರಕ್ಕೆ ಹೋಲಿಸಿ ನೋಡುವುದನ್ನು ಮಾತ್ರ ನಾವು ಯಾರೂ ಮಾಡಿರಲಿಲ್ಲ. ಆಗ ಯಾಕಮ್ಮ ಕೇಳಿದಳು, "ಟೀಚರ್, ನವೆಂಬರ್‌ನಲ್ಲಿ ಸರಿ ಇದ್ದದ್ದು ಈಗ ಯಾಕೆ ತಪ್ಪಿತು?"

ಹನ್ನೊಂದು ಜೊತೆ ಕಣ್ಣು ನನ್ನ ಮೇಲೆ. ಮೂವತ್ತೆರಡು ವರ್ಷದಲ್ಲಿ ಬಾಯಿಗೆ ಬಾರದ ಮಾತು ಆವತ್ತು ಬಂತು. "ನನಗೆ ಗೊತ್ತಿಲ್ಲ" ಅಂದೆ.

ಆಮೇಲೆ ಯಾಕಮ್ಮ, "ಹಾಗಾದ್ರೆ ನಿಮಗೂ ಎಕ್ಸ್‌ಟ್ರಾ ಕ್ಲಾಸು!" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ ಕಣೋ. ಹೆಗಲ ಮೇಲಿಂದ ಒಂದು ಮೂಟೆ ಇಳಿಸಿದ ಹಾಗಾಯಿತು.

ಅಂದಿನಿಂದ ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ನೆರಳು ಎಲ್ಲಿದೆ ಅಂತ ಬರೆದಿಟ್ಟರು. ಮೊದಲು ಮೂವತ್ತು ನಿಮಿಷ ಹಿಂದೆ. ಫೆಬ್ರವರಿ ಕೊನೆಗೆ ಇಪ್ಪತ್ತೊಂಬತ್ತು. ಮಾರ್ಚ್ ಮಧ್ಯಕ್ಕೆ ಇಪ್ಪತ್ತೈದು. "ಸೂರ್ಯ ಓಡಿ ಬರ್ತಿದ್ದಾನೆ ಟೀಚರ್!" ಅಂತ ಕೂಗಿದರು. ನಾನು ಬಸ್ಸು ಹತ್ತಿ ಪೇಟೆಯ ದೊಡ್ಡ ಲೈಬ್ರರಿಗೆ ಹೋಗಿ ಹಳೆಯ ಖಗೋಳದ ಪುಸ್ತಕ ತಂದೆ. ಎಲ್ಲರೂ ಸೇರಿ ಓದಿದೆವು. ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಓಡುವುದಿಲ್ಲವಂತೆ, ಜೊತೆಗೆ ವಾಲಿಕೊಂಡು ಬೇರೆ ತಿರುಗುತ್ತದೆ. ಅದಕ್ಕೇ ನೆರಳು ಕೆಲವು ತಿಂಗಳು ಗಡಿಯಾರಕ್ಕಿಂತ ಮುಂದೆ, ಕೆಲವು ತಿಂಗಳು ಹಿಂದೆ. ಗಡಿಯಾರ ಹೇಳುವುದು ವರ್ಷದ ಸರಾಸರಿಯನ್ನು. ನಾವು ಕೈಗಡಿಯಾರ ನೋಡಿ ಗೆರೆ ಎಳೆದ ನವೆಂಬರ್ ಮೊದಲಲ್ಲಿ ಸೂರ್ಯ ಹದಿನಾರು ನಿಮಿಷ ಮುಂದೆ, ಫೆಬ್ರವರಿಯಲ್ಲಿ ಹದಿನಾಲ್ಕು ನಿಮಿಷ ಹಿಂದೆ. ಪ್ಲಸ್ ಹದಿನಾರರಿಂದ ಮೈನಸ್ ಹದಿನಾಲ್ಕಕ್ಕೆ ಎಷ್ಟು ದೂರ ಅಂತ ಕೇಳಿದೆ. ಮೆಟ್ಟಿಲು ಸಾಲದೆ ಗೋಡೆಗೂ ಗೆರೆ ಎಳೆದು ಎಣಿಸಿದರು. ಮೂವತ್ತು! ಮಟ್ಟಗೋಲು ಕಂಬವನ್ನು ತಬ್ಬಿಕೊಂಡುಬಿಟ್ಟಳು.

ಗಡುವಿನ ದಿನ ಹೆಡ್‌ಮೇಡಂ ಫೋನು ಹಿಡಿದು ಬಂದರು. ನೆರಳು ಹನ್ನೊಂದೂ ಇಪ್ಪತ್ತು ತೋರಿಸುತ್ತಿತ್ತು. ಗೋಡೆಯ ಮೇಲೆ ಮಕ್ಕಳು ವರ್ಷದ ವಾರವಾರಕ್ಕೂ ಎಷ್ಟು ಕೂಡಿಸಬೇಕು ಎಂದು ಅಲೆಯ ಹಾಗೆ ಚಿತ್ರ ಬರೆದಿದ್ದರು. ಈ ವಾರಕ್ಕೆ ಇಪ್ಪತ್ತೈದು. "ಕೂಡಿಸಿ ಮೇಡಂ" ಅಂದಳು ಯಾಕಮ್ಮ. ಫೋನಿನಲ್ಲಿ ಹನ್ನೊಂದೂ ನಲವತ್ತೈದು. ಹೆಡ್‌ಮೇಡಂ ಗೋಡೆ ನೋಡಿದರು, ನೆಲ ನೋಡಿದರು, "ಇನ್ನೊಂದು ಸಲ ಹೇಳಮ್ಮಾ" ಅಂದರು. ಮೂರು ಸಲ ಹೇಳಿಸಿಕೊಂಡು, ಹೋಗುವಾಗ ನನ್ನ ಕಡೆ ತಿರುಗಿ, "ಬೈಕುಗಳು ಗೇಟಿನ ಹತ್ತಿರಾನೇ ಇರಲಿ ಬಿಡಿ" ಅಂದರು. ಮಕ್ಕಳು ಅಧಿಕಾರಿಗೂ ಕಾಗದ ಬರೆದಿದ್ದರು. ಒಂದೇ ಸಾಲಿನ ಉತ್ತರ ಬಂತು: 'ನನ್ನ ಕೈಗಡಿಯಾರ ಬರೀ ಸರಾಸರಿ ಎಂದು ತಿಳಿಸಿದ್ದಕ್ಕೆ ವಂದನೆಗಳು.' ಅದನ್ನು ಹಿತ್ತಲ ಬಾಗಿಲಿಗೆ ಅಂಟಿಸಿದ್ದಾರೆ, ತೊಂಬತ್ತು ಡಿಗ್ರಿ ತೆರೆದಾಗ ಎದುರಿಗೇ ಕಾಣುವ ಹಾಗೆ.

ವಾರ್ಷಿಕ ಪರೀಕ್ಷೆಯಲ್ಲಿ ಒಂಬತ್ತು ಜನ ಪಾಸು. ಇಬ್ಬರು ಮತ್ತೆ ಬರೆಯಬೇಕು, ಮಟ್ಟಗೋಲು ಅವರಲ್ಲೊಬ್ಬಳು. ನನಗೆ ಬೇಜಾರಾಯಿತು. ಅವಳಿಗೆ ಅಷ್ಟಿಲ್ಲ. "ಮೂರು ಮಾರ್ಕು ತಾನೇ ಟೀಚರ್, ಮೆಟ್ಟಿಲು ಹತ್ತಿದರಾಯ್ತು" ಅಂದಳು. ಈಗ ಆರನೇ ತರಗತಿಯವರಿಗೆ ಋಣ ಸಂಖ್ಯೆ ಹೇಳಿಕೊಡುವುದು ಅವಳೇ.

ಈಗ ನಿನ್ನ ವಿಷಯ. ಹಿತ್ತಲಿನಲ್ಲಿ ಬಿಸಿಲು ಜಾಸ್ತಿ. ಕೂರುವ ಜಾಗಕ್ಕೆ ಕ್ಯಾನ್ವಾಸಿನ ಚಪ್ಪರ ಬೇಕು, ಆದರೆ ಅದು ಕಂಬದ ನೆರಳಿಗೆ ಅಡ್ಡ ಬರಬಾರದು. ಬಟ್ಟೆಯನ್ನು ಯಾವ ಆಕಾರಕ್ಕೆ ಕತ್ತರಿಸಬೇಕು ಅನ್ನುವುದು ಪುಸ್ತಕದಲ್ಲಿಲ್ಲ. ನಾನು, "ನನ್ನ ತಮ್ಮ ಇದ್ದಾನೆ, ಟೈಲರ್" ಅಂದೆ. ಮಕ್ಕಳು ಕುಣಿದರು. ಹೆಡ್‌ಮೇಡಂ, "ಕರೆಸಿ. ಒಂದು ವಾರ ಅವರೇ ಮೇಷ್ಟ್ರು" ಅಂದರು. ಶಾಲೆ ತೆರೆಯುವುದು ಜೂನ್ ಮೊದಲ ವಾರ. ಸೊಸೆಯನ್ನು ಶಾಲೆಗೆ ಸೇರಿಸುವ ದಿನ ನೀನು ಗೇಟಿನ ಹೊರಗೇ ನಿಂತಿದ್ದೆ ಅಂತ ನಿನ್ನ ಹೆಂಡತಿ ಹೇಳಿದ್ದಳು. ಈ ಶಾಲೆಗೆ ಒಳಗೆ ಬಾರೋ. ಕತ್ತರಿ ಹಿಡಿದು ಬಾ.

ಮನೆಯವರೆಲ್ಲ ಚೆನ್ನಾಗಿರಿ. ನಿನ್ನ ಮೆಷಿನ್ನಿನ ಸದ್ದು ನಿಲ್ಲದಿರಲಿ, ಕಣ್ಣು ಮಂಕಾಗದಿರಲಿ, ಮಗಳು ಕೈಗೆತ್ತಿಕೊಂಡ ಕೆಲಸವೆಲ್ಲ ಹದವಾಗಿ ಬರಲಿ.

ನಿನ್ನ ಅಕ್ಕ

ಮರೆತು ಬಿಟ್ಟದ್ದು ಅಲ್ಲ, ಮೇಲೆ ಬರೆಯಲಾಗದೆ ಕೆಳಗೆ ಉಳಿದದ್ದು: ಮೊನ್ನೆ ವಾರ್ಷಿಕ ಪರೀಕ್ಷೆಯ ಪೇಪರ್ ತಿದ್ದುವಾಗ ನೋಡಿದೆ, ಯಾಕಮ್ಮ ಒಂದು ಲೆಕ್ಕವನ್ನು ನಾನು ಹೇಳಿಕೊಟ್ಟ ರೀತಿ ಬಿಟ್ಟು, ಚೌಕಗಳನ್ನು ಬರೆದು ಬಿಡಿಸಿದ್ದಳು. ಉತ್ತರ ಸರಿ. ಕೆಂಪು ಪೆನ್ನು ಕೈಯಲ್ಲೇ ನಿಂತಿತು. ಪೂರ್ತಿ ಮಾರ್ಕು ಕೊಟ್ಟೆ, ಆದರೆ ಎದ್ದು ಹೋಗಿ ಮುಖ ತೊಳೆದುಕೊಂಡು ಬರಬೇಕಾಯಿತು.

ನೀನು ಒಂಬತ್ತನೇ ತರಗತಿಯಲ್ಲಿದ್ದಾಗ ನಾನು ನೀನು ಓದುತ್ತಿದ್ದ ಶಾಲೆಗೇ ಟೀಚರಾಗಿ ಸೇರಿ ಒಂದು ವರ್ಷವೂ ಆಗಿರಲಿಲ್ಲ. ನಿನ್ನ ವಾರ್ಷಿಕ ಪರೀಕ್ಷೆಯ ಗಣಿತದ ಪೇಪರನ್ನು ಕನ್ನಡಕದ ಮೇಷ್ಟ್ರು ತಿದ್ದಿದರು ಅಂತ ನೀನು ತಿಳಿದಿದ್ದೀಯ. ಅವರು ಜ್ವರ ಬಂದು ಮಲಗಿದ್ದರು. ಆ ಕಟ್ಟನ್ನು ನನಗೆ ಕೊಟ್ಟರು. ನನ್ನ ತಮ್ಮನ ಪೇಪರ್ ಇದರಲ್ಲಿದೆ, ಬೇರೆಯವರು ತಿದ್ದಲಿ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ಎರಡು ಲೆಕ್ಕ ನೀನು ನಿನ್ನದೇ ರೀತಿಯಲ್ಲಿ, ಚಿತ್ರ ಬರೆದು ಬಿಡಿಸಿದ್ದೆ. ತಮ್ಮನಿಗೆ ಮಾರ್ಕು ಹಾಕಿಕೊಂಡಳು ಅಂತ ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತಾರೆ ಅಂತ ಹೆದರಿ, ಪಾಠದ ರೀತಿಯಲ್ಲಿಲ್ಲ ಅನ್ನುವ ನೆಪ ಮಾಡಿ, ಎರಡಕ್ಕೂ ಸೊನ್ನೆ ಹಾಕಿದೆ. ಎಂಟು ಮಾರ್ಕು. ಪಾಸಾಗಲು ನಿನಗೆ ಬೇಕಿದ್ದದ್ದು ಐದು. ಇನ್ನೊಂದು ವರ್ಷ ಓದುತ್ತಾನೆ ಬಿಡು ಅಂದುಕೊಂಡೆ. ಅಪ್ಪ ಮಾರನೇ ವಾರವೇ ನಿನ್ನನ್ನು ಟೈಲರ್ ಅಂಗಡಿಯಲ್ಲಿ ಕೂರಿಸಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. "ನನ್ನ ತಲೆಗೆ ಗಣಿತ ಹತ್ತಲ್ಲಪ್ಪ" ಅಂತ ನೀನು ನಗುವಾಗೆಲ್ಲ ನಾನೂ ಜೊತೆಗೆ ನಕ್ಕಿದ್ದೇನೆ.

ಜೂನ್‌ನಲ್ಲಿ ಬರುವುದೂ ಬಿಡುವುದೂ ನಿನಗೆ ಸೇರಿದ್ದು. ಇದು ಗೊತ್ತಿಲ್ಲದೆ ನೀನು ನನ್ನ ಶಾಲೆಯ ಗೇಟು ದಾಟಬಾರದು ಅನ್ನಿಸಿತು, ಅದಕ್ಕೇ ಬರೆದೆ. ಆ ಎರಡೂ ಲೆಕ್ಕ ಸರಿಯಾಗಿದ್ದವು. ನೀನು ಪಾಸಾಗಿದ್ದೆ ಕಣೋ.